ಹರವೆ ಸೀಮೆಯ ಸಮಾರಂಭದ ಊಟ

ಹರವೆ ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ಪಟ್ಟಣಗಳ ನಡುವಣ ಈ ಸೀಮೆಯಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ, ಒಸಗೆ, ತಿಥಿ, ಮಾರಿಹಬ್ಬ, ದೇವರ ಪರ ಯಾವುದೇ ನಡೆಯಲಿ, ಊರಿಗೆ ಊಟ ಹಾಕುವುದು ಅದರ ಮುಖ್ಯ ಅಂಗ. ಒಂದು ತಲೆಮಾರಿನ ಹಿಂದಿನವರೆಗೂ ನೆಂಟರು, ಕೇರಿಯವರು ಸೇರಿ ಮಾಡುತ್ತಿದ್ದ ಈ ಕೆಲಸ ಇಂದು ಬಹುಪಾಲು ಅಡುಗೆ ಗುತ್ತಿಗೆದಾರರ ಕೈಯಲ್ಲಿದೆ. ಊಟದ ಪಟ್ಟಿ, ಬಡಿಸುವ ರೀತಿ, ಪಾತ್ರೆ, ಉರುವಲು ಎಲ್ಲವೂ ಬದಲಾಗಿವೆ. ಬದಲಾಗದೆ ಉಳಿದಿರುವುದು ಒಂದು ಅಳತೆಗೋಲು: ಮೊದಲ ಪಂಕ್ತಿಯಲ್ಲಿ ಕೂತವರಿಗೆ ಸಿಕ್ಕ ಊಟವೇ, ಅದೇ ಬಿಸಿಯಲ್ಲಿ, ಕೊನೆಯ ಪಂಕ್ತಿಯವರಿಗೂ ಸಿಕ್ಕಬೇಕು. ಸಮಾರಂಭದ ಯೋಜನೆಯೆಂದರೆ ಮೂಲತಃ ಇದನ್ನು ಸಾಧಿಸುವ ಲೆಕ್ಕಾಚಾರ.

ಪರಂಪರೆ

ಅಡುಗೆಯನ್ನು ಶಾಸ್ತ್ರವಾಗಿ ಕಂಡು ಬರೆದಿಡುವ ರೂಢಿ ಕನ್ನಡದಲ್ಲಿ ಹಳೆಯದು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (1025) ಪಾಕಶಾಸ್ತ್ರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಮನೆಯ ಭೋಜನವನ್ನು ವಿವರವಾಗಿ ಹೇಳುತ್ತದೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಹದಿನಾರನೆಯ ಶತಮಾನದ ಮೊದಲ ಭಾಗದ್ದು.

ಚಾಮರಾಜನಗರ ಸೀಮೆಯ ಸಾಮೂಹಿಕ ಊಟಕ್ಕೆ ಅರಮನೆಗಿಂತ ಮಠ ಮತ್ತು ಜಾತ್ರೆಗಳೇ ಮಾದರಿ. ಹನ್ನೆರಡನೆಯ ಶತಮಾನದ ಶರಣರ ದಾಸೋಹದ ಕಲ್ಪನೆ ಇಲ್ಲಿನ ಮಠಗಳಲ್ಲಿ ಇಂದಿಗೂ ನಿತ್ಯದ ಅಡುಗೆಯಾಗಿ ನಡೆಯುತ್ತಿದೆ. ನೆರೆಯ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಪ್ರತಿವರ್ಷದ ಜಾತ್ರೆಯ ದಾಸೋಹ ಮತ್ತು ಸಾಮೂಹಿಕ ವಿವಾಹಗಳು, ಮಲೆ ಮಹದೇಶ್ವರ ಬೆಟ್ಟದ ದಾಸೋಹ, ಇವೆರಡೂ ದೊಡ್ಡ ಪ್ರಮಾಣದ ಅಡುಗೆಯ ಜೀವಂತ ಪಾಠಶಾಲೆಗಳು. ಮಾದಪ್ಪನ, ಅಂದರೆ ಮಹದೇಶ್ವರನ, ಒಕ್ಕಲಿನವರು ಹರಕೆ ತೀರಿಸಲು ‘ಪರ’ ಮಾಡುತ್ತಾರೆ. ಆ ದಿನ ಬಂದವರಿಗೆಲ್ಲ ಊಟ. ಕೊಳ್ಳೇಗಾಲ ಭಾಗದ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಯಿಂದ ಐದು ದಿನ ನಡೆಯುವ ಸಿದ್ದಪ್ಪಾಜಿ ಜಾತ್ರೆಯ ನಾಲ್ಕನೆಯ ದಿನ ಪಂಕ್ತಿಸೇವೆ. ಬಿಡಾರ ಹೂಡಿದ ಭಕ್ತರು ಬಾಡೂಟ ಮಾಡಿ, ಜಾತಿ ಕೇಳದೆ ಒಟ್ಟಿಗೆ ಕೂತು ಉಣ್ಣುವುದು ಅದರ ಸತ್ವ.

ಊಟದ ಬಗೆಗಳು

ಸಮಾರಂಭ ಯಾವುದು ಎಂಬುದರ ಮೇಲೆ ಊಟದ ಬಗೆ ನಿರ್ಧಾರವಾಗುತ್ತದೆ. ಮದುವೆಯಲ್ಲಿ ಚಪ್ಪರದ ದಿನ ಮನೆಯವರಿಗೆ, ಹತ್ತಿರದ ನೆಂಟರಿಗೆ ಸರಳ ಊಟ. ಸಂಜೆ ಆರತಕ್ಷತೆಗೆ ಬಾತು, ಸಿಹಿ, ಕರಿದ ತಿಂಡಿಗಳ ಊಟ. ಮರುದಿನ ಧಾರೆಯಾದ ಮೇಲೆ ಒಬ್ಬಟ್ಟಿನೂಟ ಅಥವಾ ಪಾಯಸದೂಟ. ಮದುವೆ ಮುಗಿದ ಮೇಲಿನ ಬೀಗರೂಟ ಹಳೆ ಮೈಸೂರು ಸೀಮೆಯ ವಿಶೇಷ. ಮಾಂಸಾಹಾರಿ ಸಮುದಾಯಗಳಲ್ಲಿ ಇದು ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೋಳಿ ಹುರಿದದ್ದು, ಬಿರಿಯಾನಿ ಇರುವ ಬಾಡೂಟ. ಎಷ್ಟೋ ಕುಟುಂಬಗಳಲ್ಲಿ ಧಾರೆಯೂಟಕ್ಕಿಂತ ಬೀಗರೂಟಕ್ಕೇ ಜನ ಹೆಚ್ಚು, ಖರ್ಚೂ ಹೆಚ್ಚು.

ಲಿಂಗಾಯತರಲ್ಲಿ ತೀರಿಕೊಂಡವರ ಶಿವಗಣಾರಾಧನೆ, ಉಳಿದವರಲ್ಲಿ ಹನ್ನೊಂದನೆಯ ದಿನದ ತಿಥಿ, ಇವು ಕರೆಯದವರೂ ಬರುವ ಊಟಗಳು. ತಯಾರಿಗೆ ದೊರೆಯುವ ಕಾಲ ಹತ್ತೇ ದಿನ, ಮನೆಯವರು ದುಃಖದಲ್ಲಿರುತ್ತಾರೆ. ಆದ್ದರಿಂದ ಇಂಥ ಊಟದ ಹೊಣೆಯನ್ನು ನೆಂಟರಲ್ಲಿ ಒಬ್ಬರು ಮುಂದೆ ನಿಂತು ಹೊತ್ತುಕೊಳ್ಳುವುದು ವಾಡಿಕೆ, ಅದು ಒಳ್ಳೆಯ ವಾಡಿಕೆ.

ಅಡುಗೆಯ ವ್ಯವಸ್ಥೆ

ಇಂದು ಎರಡು ಪದ್ಧತಿಗಳಿವೆ. ಮೊದಲನೆಯದು ಕೂಲಿ ಲೆಕ್ಕ: ಅಡುಗೆಯವರು ತಮ್ಮ ತಂಡದೊಡನೆ ಬಂದು ಅಡುಗೆ ಮಾಡಿಕೊಡುತ್ತಾರೆ. ಅವರು ಬರೆದುಕೊಟ್ಟ ಸಾಮಾನು ಪಟ್ಟಿಯಂತೆ ದಿನಸಿ, ತರಕಾರಿ, ಹಾಲು, ಎಲೆಗಳನ್ನು ಮನೆಯವರೇ ತರುತ್ತಾರೆ. ಎರಡನೆಯದು ಎಲೆ ಲೆಕ್ಕ ಅಥವಾ ಪೂರ್ತಿ ಗುತ್ತಿಗೆ: ಒಂದು ಎಲೆಗೆ ಇಷ್ಟು ಎಂದು ದರ ಗೊತ್ತುಮಾಡಿ ಸಾಮಾನು, ಅಡುಗೆ, ಬಡಿಸುವುದು, ತೆಗೆಯುವುದು ಎಲ್ಲವನ್ನೂ ಗುತ್ತಿಗೆದಾರರಿಗೆ ಒಪ್ಪಿಸುವುದು.

ಸ್ವಂತ ಅಕ್ಕಿ, ರಾಗಿ, ತೆಂಗು, ತರಕಾರಿ ಇರುವ ರೈತ ಕುಟುಂಬಕ್ಕೆ ಕೂಲಿ ಲೆಕ್ಕ ಅಗ್ಗ. ಆದರೆ ಓಡಾಡಲು ಮನೆಯಲ್ಲಿ ಜನ ಬೇಕು. ಮಕ್ಕಳೆಲ್ಲ ಮೈಸೂರು, ಬೆಂಗಳೂರು ಸೇರಿರುವ ಮನೆಗಳು ಎಲೆ ಲೆಕ್ಕದತ್ತ ವಾಲುತ್ತಿರುವುದಕ್ಕೆ ಈ ಜನದ ಕೊರತೆಯೇ ಮುಖ್ಯ ಕಾರಣ. ಬಡಿಸುವ ಕೆಲಸಕ್ಕೆ ರಜೆ ದಿನಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಬರುತ್ತಾರೆ. ಅವರ ಓದಿನ ಖರ್ಚಿಗೆ ಇದು ಆಸರೆ. 14 ವರ್ಷದೊಳಗಿನ ಮಕ್ಕಳನ್ನು ಈ ಕೆಲಸಕ್ಕೆ ಕರೆತರುವುದು ಕಾನೂನಿಗೆ ವಿರುದ್ಧ. ಗುತ್ತಿಗೆ ಕೊಡುವಾಗಲೇ ಇದನ್ನು ಸ್ಪಷ್ಟವಾಗಿ ಹೇಳಬೇಕು.

ಎಲೆ ಮತ್ತು ಬಡಿಸುವ ಕ್ರಮ

ಬಾಳೆ ಬೆಳೆಯುವ ಸೀಮೆಯಾದ್ದರಿಂದ ಎಲೆಗೆ ಇಲ್ಲಿ ಬರವಿಲ್ಲ. ಎಲೆಯನ್ನು ಹಿಂದಿನ ದಿನ ಸಂಜೆ ಕೊಯ್ದು, ನೆರಳಲ್ಲಿ ಒಟ್ಟಿ, ನೀರು ಚಿಮುಕಿಸಿ ಇಟ್ಟರೆ ಮರುದಿನ ಮಧ್ಯಾಹ್ನದವರೆಗೂ ಹಸಿಯಾಗಿರುತ್ತದೆ. ಬಿಸಿಲಿಗೆ ಬಿಟ್ಟರೆ ಬಾಡಿ, ಹಾಸುವಾಗ ಸೀಳುತ್ತದೆ. ಸಾರು ಮೇಜಿಗೆ ಹರಿಯುತ್ತದೆ. ಕುಡಿ ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಸುತ್ತಾರೆ.

ಸಸ್ಯಾಹಾರಿ ಮದುವೆಯೂಟದಲ್ಲಿ ಎಲೆಯ ಮೇಲುಭಾಗಕ್ಕೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಗೊಜ್ಜು. ಆಮೇಲೆ ಹಪ್ಪಳ, ಬೋಂಡ, ಚಿತ್ರಾನ್ನ ಅಥವಾ ವಾಂಗಿಬಾತು, ಒಬ್ಬಟ್ಟು ಮತ್ತು ತುಪ್ಪ. ನಂತರ ಅನ್ನ, ತೊವ್ವೆ, ಹುಳಿ, ಸಾರು. ಪಾಯಸ, ಇನ್ನೊಂದು ಸಿಹಿ. ಕೊನೆಗೆ ಮೊಸರು ಅಥವಾ ಮಜ್ಜಿಗೆ. ಹೊರಗೆ ಬಂದರೆ ಬಾಳೆಹಣ್ಣು, ಎಲೆ ಅಡಿಕೆ. ಒಬ್ಬಟ್ಟು ಇರುವ ದಿನ ಸಾರು ಬೇರೆ ಮಾಡಬೇಕಿಲ್ಲ. ಹೂರಣಕ್ಕೆ ಬೇಯಿಸಿದ ಬೇಳೆಯ ಕಟ್ಟನ್ನು ಬಸಿದು, ಸ್ವಲ್ಪ ಹೂರಣ, ಹುಣಸೆ, ಖಾರ ಕೂಡಿಸಿದರೆ ಒಬ್ಬಟ್ಟಿನ ಸಾರು. ವ್ಯರ್ಥ ಮಾಡದಿರುವುದನ್ನೇ ರುಚಿಯಾಗಿಸಿದ ಅಡುಗೆ ಇದು. ಈ ಊಟಕ್ಕೆ ಬಂದವರು ಒಬ್ಬಟ್ಟಿನಷ್ಟೇ ಆಸೆಯಿಂದ ಸಾರಿಗೂ ಕಾಯುತ್ತಾರೆ.

ನೆಲದ ಬೆಳೆ, ನೆಲದ ಊಟ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳು ಅರಿಸಿನ, ಬಾಳೆ, ಸಣ್ಣ ಈರುಳ್ಳಿ, ಟೊಮೆಟೊ, ಹುರುಳಿ, ಅವರೆ, ರಾಗಿ, ತೆಂಗು ಬೆಳೆಯುವ ನಾಡು. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ತರಕಾರಿ ಮಾರುಕಟ್ಟೆಯಿಂದ ಕೇರಳ, ತಮಿಳುನಾಡಿಗೆ ಲಾರಿಗಳು ಹೊರಡುತ್ತವೆ. ಇಷ್ಟು ಹತ್ತಿರದಲ್ಲಿ ತಾಜಾ ತರಕಾರಿ ಸಿಗುವಾಗ ಊಟದ ಪಟ್ಟಿಯನ್ನು ಆ ವಾರದ ಬೆಳೆಗೆ ಹೊಂದಿಸುವುದು ಜಾಣತನ. ಕೇರಳದಲ್ಲಿ ಓಣಂ ಬಂದಾಗ ಇಲ್ಲಿ ತರಕಾರಿ, ಹೂವು, ನೇಂದ್ರಬಾಳೆಯ ಬೇಡಿಕೆ ಏರುತ್ತದೆ. ಆ ದಿನಗಳಲ್ಲಿ ಸಮಾರಂಭ ಇಟ್ಟುಕೊಂಡವರು ರೈತರೊಡನೆ ಮೊದಲೇ ಮಾತಾಡಿಕೊಂಡಿರುವುದು ಮೇಲು.

ಉಪ್ಪೆಸರು, ಬಸ್ಸಾರು, ಮಸ್ಸೊಪ್ಪು, ಹಿತಕಿದ ಬೇಳೆ ಸಾರು, ಹುರುಳಿಕಾಳಿನ ಸಾರು, ಕಜ್ಜಾಯ ಈ ಸೀಮೆಯ ಸಹಜ ಅಡುಗೆ. ಬಹುಕಾಲ ಇವನ್ನು ಮನೆಯೂಟವೆಂದು ಎಣಿಸಿ ಸಮಾರಂಭದಿಂದ ದೂರ ಇಟ್ಟಿದ್ದರು. ಈಗ ಸಸ್ಯಾಹಾರಿ ಆರತಕ್ಷತೆಯಲ್ಲೂ ಮುದ್ದೆ, ಬಸ್ಸಾರು ಕಾಣಿಸುತ್ತಿವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ ಮೇಲೆ ನವಣೆ, ಸಾಮೆ, ಆರಕದ ಬಾತು, ಪಾಯಸಗಳೂ ಪಟ್ಟಿ ಸೇರಿವೆ.

ಮುದ್ದೆಯನ್ನು ನೂರಾರು ಜನಕ್ಕೆ ಮಾಡುವುದು ಪಳಗಿದ ಕೈಗಳ ಕೆಲಸ. ಆರಿದರೆ ಗಟ್ಟಿಯಾಗುವುದರಿಂದ ಬಾತಿನಂತೆ ಮುಂಚಿತವಾಗಿ ಮಾಡಿಡಲು ಆಗದು. ನುರಿತವರು ಎರಡು ಮೂರು ಕೊಪ್ಪರಿಗೆಗಳಲ್ಲಿ ಎಸರು ಕುದಿಸಿಟ್ಟುಕೊಂಡು, ಒಂದು ಪಂಕ್ತಿ ಎಲೆಗೆ ಕೂರುವ ಹೊತ್ತಿಗೆ ಮುಂದಿನ ಪಂಕ್ತಿಯ ಹಿಟ್ಟು ಹಾಕುತ್ತಾರೆ. ಇಬ್ಬರು ಎದುರುಬದುರು ನಿಂತು ಕೋಲಿನಿಂದ ಗಂಟಿಲ್ಲದಂತೆ ತಿರುವಿ, ಕಟ್ಟಿದ ಮುದ್ದೆಗಳನ್ನು ಒದ್ದೆ ಬಟ್ಟೆ ಹೊದಿಸಿ ಮುಚ್ಚಿದ ಪಾತ್ರೆಯಲ್ಲಿ ತರುತ್ತಾರೆ. ಕೊನೆಯ ಪಂಕ್ತಿಯವರ ಮುದ್ದೆ ಮೆತ್ತಗಿದ್ದರೆ ಆ ಅಡುಗೆಯವರ ಹೆಸರು ಊರೂರಿಗೆ ಹೋಗುತ್ತದೆ.

ಈಚಿನ ಒಲವುಗಳು

ಬಫೆ ಆರತಕ್ಷತೆಗಳಲ್ಲಿ ನೆಲೆಯೂರಿದೆ. ಜಾಗ ಕಡಿಮೆ ಸಾಕು, ಬೇಕಾದ್ದನ್ನು ಬಡಿಸಿಕೊಳ್ಳಬಹುದು ಎಂಬುದು ಅದರ ಅನುಕೂಲ. ವಯಸ್ಸಾದವರಿಗೆ, ಮಗು ಎತ್ತಿಕೊಂಡ ತಾಯಂದಿರಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಕಷ್ಟ. ಬಫೆ ಇಟ್ಟವರು ಒಂದಿಷ್ಟು ಮೇಜು ಕುರ್ಚಿ ಹಾಕಿ, ಅಲ್ಲಿಗೇ ತಂದು ಬಡಿಸಲು ಇಬ್ಬರನ್ನು ನೇಮಿಸುವುದು ಅಗತ್ಯ. ಮಸಾಲೆ ದೋಸೆ, ಒತ್ತು ಶ್ಯಾವಿಗೆ, ಜಿಲೇಬಿ, ಚಾಟ್ಸ್‌ಗಳನ್ನು ಕಣ್ಣೆದುರೇ ಮಾಡಿಕೊಡುವ ಲೈವ್ ಕೌಂಟರ್, ಬಾಗಿಲಲ್ಲಿ ಪಾನಕ ಅಥವಾ ಹಣ್ಣಿನ ರಸ, ಕೊನೆಗೆ ಬೀಡಾ, ಐಸ್‌ಕ್ರೀಂ ಸಾಮಾನ್ಯವಾಗಿವೆ. ಲೈವ್ ಕೌಂಟರ್ ಎಷ್ಟು ಬೇಗ ಕೊಡಬಲ್ಲದು ಎಂಬುದನ್ನು ನೋಡಿಯೇ ಅದನ್ನು ಇಡಬೇಕು. ಒಂದು ಕಾವಲಿಯಲ್ಲಿ ನಾನೂರು ಜನಕ್ಕೆ ದೋಸೆ ಹೊಯ್ಯಲು ಸಾಧ್ಯವಿಲ್ಲ.

ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳ ನಿಯಮದಂತೆ, ಮದುವೆಗೆ 50 ಜನರ ಮಿತಿ ಬಂತು. ಆಗ ಅನಿವಾರ್ಯವಾಗಿ ನಡೆದ ಸಣ್ಣ ಮದುವೆಗಳು, ಹತ್ತಿರದವರನ್ನಷ್ಟೇ ಕರೆದು ಚೆನ್ನಾಗಿ ಉಪಚರಿಸುವ ದಾರಿಯೂ ಇದೆ ಎಂಬುದನ್ನು ತೋರಿಸಿದವು. ದೊಡ್ಡ ಮದುವೆಗಳು ಮತ್ತೆ ಬಂದಿವೆ. ಹುಟ್ಟುಹಬ್ಬ, ನಾಮಕರಣ, ಸೀಮಂತಗಳಿಗೆ ಐವತ್ತು ನೂರು ಜನರ ಊಟವನ್ನು ಪಾತ್ರೆ ಸಮೇತ ಮನೆಗೆ ತಂದುಕೊಡುವ ಪದ್ಧತಿಯೂ ಬೆಳೆದಿದೆ. ಊರಿನ ಹೆಣ್ಣುಮಕ್ಕಳು ಸ್ವಸಹಾಯ ಗುಂಪು ಕಟ್ಟಿಕೊಂಡು ಹಿಡಿಯಬಹುದಾದ ಉದ್ಯೋಗ ಇದು.

ದಿನ ಮತ್ತು ಹೊತ್ತು

ಆಷಾಢ ಮತ್ತು ಧನುರ್ಮಾಸಗಳಲ್ಲಿ ಮದುವೆ ನಡೆಯುವುದಿಲ್ಲ. ಚಾಮರಾಜನಗರದ ಚಾಮರಾಜೇಶ್ವರ ರಥೋತ್ಸವ ಆಷಾಢದಲ್ಲೇ ನಡೆಯುತ್ತದೆ. ಹೊಸದಾಗಿ ಮದುವೆಯಾದ ಜೋಡಿಗಳು ಆ ದಿನ ತೇರಿಗೆ ಹಣ್ಣು ಜವನ ಎಸೆಯಲು ಬರುವುದರಿಂದ ಪಟ್ಟಣ ಕಿಕ್ಕಿರಿಯುತ್ತದೆ. ಮುಹೂರ್ತಗಳು ಕೆಲವೇ ತಿಂಗಳಲ್ಲಿ ಒತ್ತಾಗಿ ಬೀಳುವುದರಿಂದ ಕಲ್ಯಾಣ ಮಂಟಪ ಮತ್ತು ಅಡುಗೆಯವರನ್ನು ಒಟ್ಟಿಗೇ ಗೊತ್ತುಮಾಡಿಕೊಂಡು ಮುಂಗಡ ಕೊಡುವುದು ಕ್ಷೇಮ.

ಈ ಸೀಮೆಗಿರುವ ಇನ್ನೊಂದು ಕಟ್ಟು ಕಾಡಿನ ರಸ್ತೆ. ಬಂಡೀಪುರದ ಮೂಲಕ ವಯನಾಡು ಮತ್ತು ಊಟಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಸತ್ಯಮಂಗಲದ ಕಡೆಯ ದಿಂಬಂ ಘಾಟಿಯಲ್ಲೂ 2022ರಿಂದ ರಾತ್ರಿ ನಿರ್ಬಂಧವಿದೆ. ಸುಲ್ತಾನ್ ಬತ್ತೇರಿ, ಗೂಡಲೂರು, ಸತ್ಯಮಂಗಲದಿಂದ ನೆಂಟರು ಬರುವುದಿದ್ದರೆ ಸಂಜೆಯ ಊಟವನ್ನು ಆರೂವರೆಯ ಒಳಗೆ ಶುರುಮಾಡಿ ಅವರನ್ನು ಮೊದಲ ಪಂಕ್ತಿಗೆ ಕೂರಿಸಬೇಕು, ಇಲ್ಲವೇ ಉಳಿದುಕೊಳ್ಳಲು ಜಾಗ ಮಾಡಿಕೊಡಬೇಕು. ಧ್ವನಿವರ್ಧಕವನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ.

ಜನ ಮತ್ತು ಸಾಮಾನಿನ ಲೆಕ್ಕ

ಹಂಚಿದ ಲಗ್ನಪತ್ರಿಕೆಯ ಎಣಿಕೆಯಿಂದ ಜನ ಎಷ್ಟೆಂದು ತಿಳಿಯದು. ಒಂದು ಪತ್ರಿಕೆಗೆ ಒಂದು ಮನೆಯಿಂದ ಒಬ್ಬರೂ ಬರಬಹುದು, ಐವರೂ ಬರಬಹುದು. ಊರಿನವರು, ಹೊರಗಿನ ನೆಂಟರು, ಸ್ನೇಹಿತರು ಮತ್ತು ಕಚೇರಿಯವರು, ಕೆಲಸದವರು ಎಂದು ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಗೂ ಬೇರೆ ಅಂದಾಜು ಹಾಕಬೇಕು. ಬಂದವರು ಕೊಟ್ಟ ಉಡುಗೊರೆ ಬರೆದಿಟ್ಟ ಹಿಂದಿನ ಸಮಾರಂಭದ ಮುಯ್ಯಿ ಪುಸ್ತಕ ಇದಕ್ಕೆ ಒಳ್ಳೆಯ ದಾಖಲೆ: ಯಾರ ಮನೆಯಿಂದ ಬಂದಿದ್ದರು ಎಂಬುದು ಅದರಲ್ಲಿರುತ್ತದೆ. ಶಾಮಿಯಾನದವರು, ಚಾಲಕರು, ವಾದ್ಯದವರು, ಫೋಟೊದವರ ಊಟವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹೊತ್ತಿನ ಲೆಕ್ಕ ಸರಳ. ಒಂದು ಪಂಕ್ತಿಗೆ 150 ಜನ ಕೂತು, ಉಣ್ಣಲು ಅರ್ಧ ಗಂಟೆ, ಎಲೆ ತೆಗೆದು ಒರೆಸಿ ಮತ್ತೆ ಹಾಸಲು ಹತ್ತು ನಿಮಿಷ ಹಿಡಿದರೆ, 600 ಜನಕ್ಕೆ ನಾಲ್ಕು ಪಂಕ್ತಿ, ಎರಡೂವರೆ ಗಂಟೆ. ಕೊನೆಯ ಪಂಕ್ತಿ ಮೂರೂವರೆಗೆ ಏಳಬೇಕಾದರೆ ಮೊದಲನೆಯದು ಒಂದು ಗಂಟೆಗೇ ಕೂರಬೇಕು.

ರೂಢಿಯ ಅಂದಾಜಿನಲ್ಲಿ 100 ಎಲೆಯ ಪೂರ್ಣ ಊಟಕ್ಕೆ, ಬಾತೂ ಸೇರಿ, 10ರಿಂದ 12 ಕಿಲೊ ಅಕ್ಕಿ. ಹುಳಿ ಮತ್ತು ತೊವ್ವೆಗೆ 4 ಕಿಲೊ ತೊಗರಿಬೇಳೆ. 8ರಿಂದ 10 ಲೀಟರ್ ಮೊಸರು. ಎಲ್ಲರೂ ಒಂದೊಂದು ಮುದ್ದೆ ಉಣ್ಣುವುದಾದರೆ ಸುಮಾರು 10 ಕಿಲೊ ರಾಗಿಹಿಟ್ಟು. ಬಾಡೂಟಕ್ಕೆ 15ರಿಂದ 20 ಕಿಲೊ ಮಟನ್. ಸಿಹಿಗಳ ಸಂಖ್ಯೆ ಹೆಚ್ಚಿದಂತೆ ಅನ್ನದ ಖರ್ಚು ಇಳಿಯುತ್ತದೆ. ಅನುಭವಿಗಳು ಎಲ್ಲವನ್ನೂ ಒಂದೇ ಸಲ ಬೇಯಿಸುವುದಿಲ್ಲ. ಮುಕ್ಕಾಲು ಪಾಲು ಮೊದಲು ಬೇಯಿಸಿ, ಎರಡನೆಯ ಪಂಕ್ತಿಯ ಜನ ನೋಡಿಕೊಂಡು ಉಳಿದ ಅಕ್ಕಿ ಹಾಕುತ್ತಾರೆ. ಇದರಿಂದ ಕೊನೆಯವರಿಗೂ ಬಿಸಿ ಅನ್ನ, ಮಿಕ್ಕರೆ ಹಸಿ ಅಕ್ಕಿಯಾಗಿಯೇ ಮಿಗುತ್ತದೆ.

ಗುತ್ತಿಗೆಯ ಮಾತು ಕಾಗದದ ಮೇಲಿರಬೇಕು: ಎಷ್ಟು ಎಲೆ, ಯಾವ ಪದಾರ್ಥ, ಯಾವ ಎಣ್ಣೆ ತುಪ್ಪ, ಎಷ್ಟು ಜನ ಬಡಿಸುವವರು, ಎಷ್ಟು ಗಂಟೆಗೆ ಸಿದ್ಧ, ಹೆಚ್ಚಿದ ಎಲೆಗೆ ಎಷ್ಟು ದರ, ಕಸ ತೆಗೆಯುವವರು ಯಾರು. ಎಲೆ ಎಣಿಸಲು ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಇಟ್ಟರೆ ಕೊನೆಗೆ ತಕರಾರಿಗೆ ಎಡೆಯಿಲ್ಲ.

ಆಹಾರ ಸುರಕ್ಷತೆ

2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ ಕೃತ್ಯದಿಂದ 17 ಜನ ತೀರಿಕೊಂಡರು. ಅದು ಬೇಕೆಂದೇ ಎಸಗಿದ ಅಪರಾಧ. ಆದರೂ ಸಾರ್ವಜನಿಕ ಅಡುಗೆಯ ಬಗೆಗೆ ಇಡೀ ಜಿಲ್ಲೆಗೆ ಅದು ಕಲಿಸಿದ ಪಾಠ ದೊಡ್ಡದು. ಅಡುಗೆ ಜಾಗಕ್ಕೆ ಯಾರು ಬಂದರು, ಹೋದರು ಎಂಬುದರ ಮೇಲೆ ಒಬ್ಬರ ಕಣ್ಣಿರಬೇಕು. ಕೀಟನಾಶಕ, ಗೊಬ್ಬರ ಇಟ್ಟ ಕೊಠಡಿಯಲ್ಲಿ ದಿನಸಿ ಇಡಬಾರದು; ಔಷಧಿ ಹೊಡೆದ ಡ್ರಮ್ಮು, ಕ್ಯಾನುಗಳನ್ನು ಎಷ್ಟೇ ತೊಳೆದಿದ್ದರೂ ನೀರಿಗೆ ಬಳಸಬಾರದು. ಬಡಿಸುವ ಮೊದಲು ಹೊಣೆ ಹೊತ್ತವರು ರುಚಿ ನೋಡಬೇಕು. ವಾಸನೆಯಲ್ಲಿ ಅನುಮಾನ ಬಂದರೆ ಊಟ ನಿಲ್ಲಿಸಲು ಹಿಂಜರಿಯಬಾರದು.

ದಿನನಿತ್ಯದ ಅಪಾಯ ಬರುವುದು ಸೂಕ್ಷ್ಮಾಣುಗಳಿಂದ. ಬೆಂದ ಅನ್ನದಲ್ಲೂ ಬದುಕುಳಿಯುವ ಬ್ಯಾಸಿಲಸ್ ಸೀರಿಯಸ್ ಬೀಜಾಣುಗಳು ಉಗುರು ಬೆಚ್ಚಗೆ ಬಿಟ್ಟ ಬಾತಿನಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ; ಅದರಲ್ಲಿ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರುವ ಮಾಂಸದ ಸಾರಿಗೂ ಇಂಥದೇ ಅಪಾಯವಿದೆ. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕೆಂಬುದು ನಿಯಮ. ತೆಂಗಿನಕಾಯಿ ಚಟ್ನಿ, ಕೋಸಂಬರಿ, ಮೊಸರು ಬಜ್ಜಿ ಬೇಸಿಗೆಯಲ್ಲಿ ಬೇಗ ಕೆಡುವುದರಿಂದ ಪ್ರತಿ ಪಂಕ್ತಿಗೂ ಹೊಸದಾಗಿ ಕಲಸುವುದು ಲೇಸು. ಬಾಡಿಗೆಗೆ ತಂದ ಹಿತ್ತಾಳೆ, ತಾಮ್ರದ ಪಾತ್ರೆಯ ಕಲಾಯಿ ಹೋಗಿದ್ದರೆ ಅದರಲ್ಲಿ ಹುಳಿ, ಮೊಸರಿನ ಪದಾರ್ಥ ಮಾಡಬಾರದು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಅಡುಗೆ ಗುತ್ತಿಗೆದಾರರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಇರಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಕೇಳಿ ಪಡೆಯುವುದು ಮನೆಯವರ ಹಕ್ಕು. ಅಡುಗೆಗೆ 19 ಕಿಲೊದ ವಾಣಿಜ್ಯ ಸಿಲಿಂಡರ್ ಬಳಸಬೇಕು, ಮನೆಬಳಕೆಯ 14.2 ಕಿಲೊದ ಸಿಲಿಂಡರ್ ಬಳಸುವಂತಿಲ್ಲ. ಒಲೆಗಳು ಶಾಮಿಯಾನದ ಬಟ್ಟೆಯಿಂದ ದೂರವಿರಲಿ, ಪಕ್ಕದಲ್ಲೇ ಮರಳು, ನೀರು ಇರಲಿ.

ಉಳಿಕೆ ಮತ್ತು ಕಸ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು. ಸಮಾರಂಭದಲ್ಲಿ ಪೋಲು ಹೆಚ್ಚುವುದು ಪದಾರ್ಥಗಳ ಸಂಖ್ಯೆ ಹೆಚ್ಚಿದಾಗ ಮತ್ತು ಕೇಳದೆ ಬಡಿಸಿದಾಗ. ಎರಡು ಪಲ್ಯ, ಒಂದು ಬಾತು, ಎರಡು ಸಿಹಿಗೆ ನಿಲ್ಲಿಸಿ, ಮೊದಲ ಸಲ ಸ್ವಲ್ಪವೇ ಬಡಿಸಿ, ಎರಡು ಸಲ ವಿಚಾರಿಸಿಕೊಂಡರೆ ಎಲೆಯಲ್ಲಿ ಉಳಿಯುವುದು ತೀರ ಕಡಿಮೆ; ಉಪಚಾರವೂ ಹೆಚ್ಚಿದಂತಾಗುತ್ತದೆ. ಬಡಿಸದೆ ಮಿಕ್ಕ ಊಟವನ್ನು ಬಿಸಿಯಿರುವಾಗಲೇ ಹಾಸ್ಟೆಲ್, ಆಶ್ರಮಗಳಿಗೆ ತಲುಪಿಸಲು ಮುಂಚೆಯೇ ಮಾತಾಡಿಟ್ಟುಕೊಳ್ಳಬೇಕು. ಸಂಜೆಯವರೆಗೂ ಹೊರಗಿದ್ದುದನ್ನು ಯಾರಿಗೂ ಕೊಡಬಾರದು.

ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ಜೊತೆಗೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಬಾಳೆಲೆ, ಸ್ಟೀಲ್ ಲೋಟ, ಮೇಜಿಗೆ ಕಾಗದದ ಸುರುಳಿ ಬಳಸಿದರೆ ಉಳಿದ ಕಸವೆಲ್ಲ ತಿಪ್ಪೆಗೆ, ದನಕರುಗಳಿಗೆ ಸಲ್ಲುತ್ತದೆ. ಎಲೆಯ ಜೊತೆ ಪ್ಲಾಸ್ಟಿಕ್ ಬಾಟಲಿ, ಐಸ್‌ಕ್ರೀಂ ಕಪ್ಪು ಬೆರೆತರೆ ಅದೇ ಕಸ ದನಗಳ ಹೊಟ್ಟೆಗೆ ವಿಷ.

ಖರ್ಚು ಮತ್ತು ಸಮಾನತೆ

ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಅವರ ಮದುವೆಯನ್ನು 1966ರಲ್ಲಿ ಮಂತ್ರಮಾಂಗಲ್ಯದ ವಿಧಾನದಲ್ಲಿ, ಆಡಂಬರವಿಲ್ಲದೆ ನಡೆಸಿ ಸರಳ ಮದುವೆಗೆ ದಾರಿ ತೋರಿದರು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದ ಸಾಮೂಹಿಕ ವಿವಾಹ, ಸುತ್ತೂರಿನ ವಿವಾಹಗಳು ಅದೇ ಆಶಯವನ್ನು ಬೇರೆ ರೀತಿಯಲ್ಲಿ ನಡೆಸಿಕೊಂಡು ಬಂದಿವೆ. ಒಂದು ದಿನದ ಊಟಕ್ಕೆ ಜಮೀನು ಅಡವಿಡುವ, ಕೈಸಾಲಕ್ಕೆ ಬಡ್ಡಿ ಕಟ್ಟುವ ಕುಟುಂಬಗಳು ಇನ್ನೂ ಇವೆ. ಮುಯ್ಯಿ ಬಂದು ಸಾಲ ತೀರುತ್ತದೆಂದು ನಂಬಿ ಊಟದ ಪಟ್ಟಿ ಬೆಳೆಸಬಾರದು. ಮುಯ್ಯಿಯೂ ಮುಂದೆ ಹಿಂತಿರುಗಿಸಬೇಕಾದ ಋಣವೇ.

ಹಣಕ್ಕಿಂತ ದೊಡ್ಡ ಪ್ರಶ್ನೆ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು. ಜನಪದ ಸಂತರಾದ ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದಪ್ಪರ ಕಾವ್ಯ ಹಾಡುವ ಈ ಸೀಮೆಯಲ್ಲೂ ದಲಿತರನ್ನು ಬೇರೆ ಕೂರಿಸುವ, ಕೊನೆಗೆ ಕರೆಯುವ ಕೆಟ್ಟ ಪದ್ಧತಿ ಇತ್ತು. ಇಂದು ಅದು ಕಾನೂನಿನ ಕಣ್ಣಲ್ಲಿ ಅಪರಾಧ. ಕಲ್ಯಾಣ ಮಂಟಪದ ಉದ್ದನೆಯ ಮೇಜುಗಳು ಈ ಭೇದವನ್ನು ಸ್ವಲ್ಪಮಟ್ಟಿಗೆ ಅಳಿಸಿವೆ. ಪೂರ್ತಿ ಅಳಿಯಬೇಕಾದರೆ ಕರೆದ ಮನೆಯವರು ತಾವೇ ಮುಂದೆ ನಿಂತು, ಬಂದ ಕ್ರಮದಲ್ಲಿ ಎಲ್ಲರನ್ನೂ ಒಂದೇ ಪಂಕ್ತಿಗೆ ಕರೆದು ಕೂರಿಸಬೇಕು. ಅಡುಗೆ ಮಾಡಿದವರು, ಬಡಿಸಿದವರು, ಎಲೆ ತೆಗೆದವರು ಕೊನೆಯ ಪಂಕ್ತಿಯಲ್ಲಿ ಕೂತಾಗ ಮನೆಯವರೇ ನಿಂತು ಅವರಿಗೆ ಬಡಿಸಬೇಕು. ಆ ಪಂಕ್ತಿಗೂ ಒಬ್ಬಟ್ಟು ಉಳಿದಿರುವಂತೆ ಬೆಳಿಗ್ಗೆಯೇ ಎತ್ತಿಡುವುದು ಸಮಾರಂಭದ ಯೋಜನೆಯಲ್ಲಿ ಮೊದಲು ಬರೆದುಕೊಳ್ಳಬೇಕಾದ ಸಾಲು.